ಬೀದಿಗೆ ಬಾಗಿಲಿದ್ದ ರೂಮು

ಆ ಬೀದಿಯಲ್ಲಿ ಎಲ್ಲರೂ ಅವಳನ್ನು ಕರೆಯುತ್ತಿದ್ದುದು ಕರ್ಟನ್ ಅಕ್ಕ ಎಂದು. ಮನೆಗಳಿಗೆ ಹೋಗಿ ಕಿಟಕಿಯ ಅಳತೆ ತೆಗೆಯುವುದು, ಬಟ್ಟೆ ಕತ್ತರಿಸುವುದು, ಹೊಲಿಯುವುದು, ಇಸ್ತ್ರಿ ಹಾಕುವುದು, ಮತ್ತೆ ಹೋಗಿ ಸ್ಟೂಲು ಹತ್ತಿ ಪರದೆಯನ್ನು ಸರಳಿಗೇರಿಸಿ ಒಂದೊಂದೇ ನಿರಿಗೆ ಬಿಡಿಸಿ ಕೆಳಗಿಳಿಯುವುದು, ಎಲ್ಲವೂ ಅವಳೊಬ್ಬಳದೇ ಕೆಲಸ. ಹಾಗಾಗಿ ಊರಿನ ಅರ್ಧ ಮನೆಗಳ ಒಳಗು ಅವಳಿಗೆ ಗೊತ್ತಿತ್ತು. ಯಾರ ಮಲಗುವ ಕೋಣೆಗೆ ಎಳೆಬಿಸಿಲು ಬೀಳುತ್ತದೆ, ಯಾರ ಹಾಲ್‌ನ ಕಿಟಕಿಯನ್ನು ಗಾರೆಯವನು ಓರೆಯಾಗಿ ಕೂರಿಸಿ ಹೋಗಿದ್ದಾನೆ, ಯಾವ ಮನೆಯ ಗಂಡ ಹೆಂಡತಿ ಮಾತು ಬಿಟ್ಟು ಬೇರೆ ಬೇರೆ ರೂಮಿನಲ್ಲಿ ಮಲಗುತ್ತಾರೆ, ಎಲ್ಲವೂ. ಆದರೆ ಅವಳ ಬಾಯಿಗೆ ಬೀಗ. ಆ ಬೀಗದ ದೆಸೆಯಿಂದಲೇ ಗಿರಾಕಿಗಳೂ ಹೆಚ್ಚು.

ಇಷ್ಟು ಮನೆಗಳ ಕಿಟಕಿಗಳಿಗೆ ಮರ್ಯಾದೆ ಹೊದಿಸಿದವಳಿಗೆ ತನ್ನದು ಅಂತ ಒಂದು ಮೇಜಿರಲಿಲ್ಲ.

ಬಾಡಿಗೆಯ ಎರಡು ಕೋಣೆಯ ಮನೆ; ಅದರಲ್ಲಿ ಒಂದೇ ಮೇಜು. ಬೆಳಿಗ್ಗೆ ಗಂಡ, ಮಗಳು, ಅತ್ತೆ ತಿಂಡಿ ತಿಂದು ಎದ್ದ ಮೇಲೆ ಒರೆಸಿ, ಒಣಗಿಸಿ, ಹಳೆಯ ಹೊದಿಕೆ ಹಾಸಿದರೆ ಅದು ಬಟ್ಟೆ ಕತ್ತರಿಸುವ ಮೇಜು. ಮಧ್ಯಾಹ್ನ ಅತ್ತೆಯ ಊಟಕ್ಕೆ ಎಲ್ಲ ಎತ್ತಿಡಬೇಕು. ಸಂಜೆ ಕಾಲೇಜಿನಿಂದ ಬಂದ ಮಗಳ ಪುಸ್ತಕಗಳಿಗೆ ಮತ್ತೆ ಎತ್ತಿಡಬೇಕು. ಗಂಡ ಬಂದು ಚಾ ಲೋಟ ಇಡುವುದಕ್ಕೆ ಅರ್ಧವಾದರೂ ಎತ್ತಿಡಬೇಕು. ಬಟ್ಟೆಯೆಂದರೆ ಎಳೆ ನೋಡಿ ಹಾಸಬೇಕಾದ್ದು. ಸೀಮೆಸುಣ್ಣದಲ್ಲಿ ಗೆರೆ ಎಳೆದು ಅರ್ಧಕ್ಕೆ ಮಡಚಿ, ಮತ್ತೆ ಬಿಡಿಸಿ ಹಾಸಿದರೆ ಆ ಗೆರೆ ಎಲ್ಲಿಗೋ ಹೋಗಿರುತ್ತದೆ. ಕೊನೆಗೆ ಪರದೆ ನೇತುಬಿದ್ದಾಗ ಒಂದು ಕಾಲು ಕುಂಟುತ್ತದೆ. ಹಾಗೆ ಕುಂಟಬಾರದೆಂದು ಅವಳು ಪ್ರತಿಸಲವೂ ಮೊದಲಿನಿಂದ ಅಳೆಯುತ್ತಿದ್ದಳು. ಒಂದು ಪರದೆಯನ್ನು ಎರಡೆರಡು ಸಲ ಮಾಡಿದ ಹಾಗೆ. ಆ ಎರಡನೆಯ ಸಲದ್ದಕ್ಕೆ ಯಾರೂ ಕೂಲಿ ಕೊಡುವುದಿಲ್ಲ.

ಗಂಡ ಬಸ್ ಡಿಪೋದ ಸ್ಟೋರಿನಲ್ಲಿ ಬಿಡಿಭಾಗ ಕೊಡುವವನು. ಕುಡಿತವಿಲ್ಲ, ಸಿಡುಕಿಲ್ಲ. ಅವನ ಪ್ಯಾಂಟಿನ ಜೇಬಿನಲ್ಲಿ ಸದಾ ನಾಲ್ಕಾರು ವಾಷರು, ಒಂದು ಪುಟ್ಟ ಸ್ಪ್ಯಾನರು. ಒಗೆಯಲು ಹಾಕುವಾಗ ಅವನ್ನು ಹುಡುಕಿ ತೆಗೆದಿಡುವುದು ಅವಳ ಪಾಲಿನ ಕೆಲಸ. ಜೇಬಿನಲ್ಲಿ ವಾಷರು ಇಟ್ಟುಕೊಂಡ ಮನುಷ್ಯನ ಮನೆಯಲ್ಲಿ ಬಚ್ಚಲ ನಲ್ಲಿ ಮಾತ್ರ ಯಾವ ಕಾಲದಿಂದಲೋ ಸೋರುತ್ತಿತ್ತು. ಅವಳು ಅದರ ಕುತ್ತಿಗೆಗೆ ಪರದೆ ಬಟ್ಟೆಯ ಚೂರು ಸುತ್ತಿದ್ದಳು. "ಭಾನುವಾರ ನೋಡ್ತೀನಿ" ಅನ್ನುತ್ತಿದ್ದ. ಎಷ್ಟೋ ಭಾನುವಾರಗಳು ಬಂದು, ನಲ್ಲಿಯನ್ನು ನೋಡಿಕೊಂಡು ಹೋಗಿದ್ದವು.

ಇಬ್ಬರ ದುಡಿಮೆಯೂ ಸೇರಿ ಬ್ಯಾಂಕಿನಲ್ಲಿ ಒಂದಿಷ್ಟು ಗಂಟಾಗಿತ್ತು. ಒಂದು ಸಂಜೆ ಗಂಡ ಡಿಪೋದಿಂದ ಮುಖ ಅರಳಿಸಿಕೊಂಡು ಬಂದ. ಅವಳು ಹಾಸಿದ್ದ ಬಟ್ಟೆಯ ಮೇಲೆಯೇ ಜೇಬಿನ ನಟ್ಟು ಬೋಲ್ಟುಗಳನ್ನೆಲ್ಲ ಸುರಿದು ಸಾಲಾಗಿ ಜೋಡಿಸತೊಡಗಿದ.

"ಇಲ್ಲಿ ನೋಡು. ಹಿಂದಿನ ಬೀದೀಲಿ ಮಹಡಿ ಮನೆ ಮಾರಾಟಕ್ಕಿದೆ. ಇದು ಮೇಲಿನ ಎರಡು ಪೋರ್ಷನ್ನು. ಇದು ಕೆಳಗೆ ಬೀದಿಗೇ ಬಾಗಿಲಿರೋ ಒಂದು ರೂಮು. ಇದು ಅದರ ಹಿಂದೆ ಎರಡು ಕೋಣೆ, ಅಡುಗೆಮನೆ. ಹಿಂದುಗಡೆ ನಾವಿರ್ತೀವಿ. ಮೇಲಿನೆರಡರ ಬಾಡಿಗೆ ಬ್ಯಾಂಕಿನ ಕಂತಿಗೆ ಹೋಯ್ತು. ಮುಂದಿನ ರೂಮಿಂದು ತೆರಿಗೆಗೆ, ರಿಪೇರಿಗೆ. ನಾವು ಪುಕ್ಕಟೆ ಇದ್ದ ಹಾಗಾಯ್ತು!"

"ಎಣ್ಣೆ ಬೋಲ್ಟು ಬಟ್ಟೆ ಮೇಲಿಡ್ಬೇಡಿ, ಇದು ಗಿರಾಕೀದು" ಎಂದು ಅವಳು ಒಂದೊಂದೇ ಆರಿಸಿ ಕೆಳಗಿಟ್ಟಳು.

ಮೂಲೆಯ ಮಂಚದ ಮೇಲೆ ಬೆಳ್ಳುಳ್ಳಿ ಬಿಡಿಸುತ್ತಿದ್ದ ಅತ್ತೆ ತಲೆಯೆತ್ತಿದಳು. "ಪುಕ್ಕಟೆ ಅಂದ್ರೆ ಯಾರಿಗೋ?"

"ನಮಗೇ ಅಮ್ಮ. ಬಾಡಿಗೆ ಕೊಡೋ ಹಾಗಿಲ್ಲ, ತಗೊಳೋದೇ."

"ಮೇಲಿನೋರು ನೀರು ಬರ್ಲಿಲ್ಲ ಅಂದ್ರೆ ಮೋಟರ್ ಹಾಕೋರ್ಯಾರು? ಮೆಟ್ಟಿಲು ಗುಡಿಸೋರ್ಯಾರು? ಅವರ ಕೀ ಕಳೆದ್ರೆ, ಕೊರಿಯರ್ ಬಂದ್ರೆ, ನೆಂಟರು ಬಂದು ಬಾಗಿಲು ಬಡಿದ್ರೆ?"

"ನಾವೇ ಇರ್ತೀವಲ್ಲಮ್ಮ, ನೋಡ್ಕೋತೀವಿ."

"ನೀನು ಬೆಳಗಾದ್ರೆ ಡಿಪೋಗೆ ಹೋಗೋನು. 'ನಾವು' ಅಂದ್ರೆ ಇವಳು ಅಂತ ನೇರವಾಗಿ ಹೇಳು. ನನಗೇನು ಹೊಸದಲ್ಲ ಬಿಡು. ನಿಮ್ಮಪ್ಪ ಬಾಡಿಗೆ ವಸೂಲಿ ಮಾಡೋರು, ನಾನು ಬಾಡಿಗೆದಾರರನ್ನ ಸುಧಾರಿಸೋಳು."

ಅತ್ತೆಯ ಮಾತಿನ ಹಿಂದೆ ಒಂದು ಇಡೀ ಪ್ರಾಯವಿತ್ತು. ಮಾವ ಯಾರದೋ ದೊಡ್ಡ ವಠಾರದ ಮೇಲ್ವಿಚಾರಕರಾಗಿದ್ದರು. ಕೆಳಗಿನ ಒಂದು ಕೋಣೆ ಅವರಿಗೆ ಬಿಟ್ಟಿ. ಬದಲಿಗೆ ಮಾವ ತಿಂಗಳಿಗೊಮ್ಮೆ ಮನೆ ಮನೆಗೂ ಹೋಗಿ ಹಣ ತರುತ್ತಿದ್ದರು. ಉಳಿದ ದಿನಗಳಲ್ಲೆಲ್ಲ ಅತ್ತೆ ಮೆಟ್ಟಿಲು ಹತ್ತಿ ಇಳಿಯುತ್ತಿದ್ದಳು. ಅವಳ ಮಂಡಿಗಳು ಹೋದದ್ದು ಆ ಮೆಟ್ಟಿಲುಗಳಿಗೆ. ಕೊನೆಗೊಂದು ದಿನ ವಠಾರದ ಮಾಲೀಕರು ಜಾಗ ಮಾರಿದರು. ಪಾತ್ರೆ, ಹಾಸಿಗೆ, ಇಬ್ಬರು ಮಕ್ಕಳೊಂದಿಗೆ ಇವರು ಬೀದಿಗೆ ಬಂದರು. ಹಿರಿಯ ಮಗ, ಅಂದರೆ ಅವಳ ಗಂಡ, ಆಗ ಚಿಕ್ಕವನು. ಮಡಚಿದ ಹಾಸಿಗೆಯ ಮೇಲೆ ಕುಳಿತು, ತಮ್ಮನನ್ನು ತೊಡೆಯ ಮೇಲಿಟ್ಟುಕೊಂಡು, ಅಪ್ಪ ಬೇರೆ ಮನೆ ಹುಡುಕಿಕೊಂಡು ಬರುವವರೆಗೆ ಹಾದುಹೋಗುವವರ ಕಾಲುಗಳನ್ನೇ ನೋಡುತ್ತಿದ್ದನಂತೆ. ಇದನ್ನು ಅವನು ಹೆಂಡತಿಗೆ ಹೇಳಿದ್ದು ಒಮ್ಮೆ ಮಾತ್ರ. ಸ್ವಂತ ಮನೆಯ ಹುಚ್ಚು ಎಲ್ಲಿಂದ ಬಂತೆಂದು ಅವಳಿಗೆ ಗೊತ್ತಿತ್ತು. ಅದಕ್ಕೇ ಅವಳು ಅವನ ನಟ್ಟು ಬೋಲ್ಟಿನ ಆಟಕ್ಕೆ ನಗುತ್ತಿರಲಿಲ್ಲ.

ಮುಂದಿನ ರಜೆಗೆ ಮೈದುನ ಬಂದ. ಅಣ್ಣನಿಗೆ ಕಾಲುಗಳ ನೆನಪಿದ್ದರೆ ತಮ್ಮನಿಗೆ ಅದೇನೂ ಇಲ್ಲ. ಅವನದು ಸದಾ ಗಾಳಿಯಲ್ಲಿ ಕೋಟೆ. ಔಷಧಿ ಕಂಪನಿಯ ಮಾಲು ಹೊತ್ತು ಊರೂರು ತಿರುಗುವವನಿಗೆ ಯಾವ ಊರಿನಲ್ಲಿ ಏನು ಅಗ್ಗ ಎನ್ನುವುದು ಬಾಯಿಪಾಠ.

"ಅಣ್ಣ, ನೀನಿನ್ನೂ ಹಳೇ ಕಾಲದಲ್ಲೇ ಇದ್ದೀಯ. ಇಲ್ಲಿನ ಒಂದು ಮನೆ ದುಡ್ಡಿಗೆ ನಾನು ಮಾಲು ಕೊಡೋ ಒಂದು ಊರಲ್ಲಿ ಎರಡು ಫ್ಲಾಟ್ ಬರುತ್ತೆ. ಆ ಊರಲ್ಲಿ ಹೊಸ ಆಸ್ಪತ್ರೆ ಬಂದಿದೆ, ನರ್ಸುಗಳು, ಟೆಕ್ನಿಷಿಯನ್ನುಗಳು ಮನೆ ಸಿಗದೆ ಪರದಾಡ್ತಿದಾರೆ. ಎಲ್ಲಾನೂ ಬ್ರೋಕರ್ ನೋಡ್ಕೋತಾನೆ. ನೀವಿಲ್ಲೇ ಈ ಮನೇಲೇ ಇರಿ. ಅತ್ತಿಗೆ, ನೀವು ಕಾಲ ಮೇಲೆ ಕಾಲು ಹಾಕ್ಕೊಂಡು ಕೂತ್ರೆ ಸಾಕು!"

"ಕಾಲ ಮೇಲೆ ಕಾಲು ಹಾಕಿದ್ರೆ ಮೆಷಿನ್ ತುಳಿಯೋದು ಹೇಗಪ್ಪ?" ಎಂದಳು ಅವಳು.

ಮಗಳು ಪುಸ್ತಕದಿಂದ ತಲೆ ಎತ್ತದೆಯೇ ನಕ್ಕಳು. ಮೈದುನನೂ ನಕ್ಕ. ಗಂಡ ನಗಲಿಲ್ಲ, ಅವನ ಹಣೆ ಗಂಟಿಕ್ಕಿತು. ಕಣ್ಣಿಗೆ ಕಾಣದ ಊರಿನ ಗೋಡೆ ತನ್ನದಾಗುವುದು ಹೇಗೆಂದು ಅವನಿಗೆ ತಿಳಿಯಲಿಲ್ಲ. ಆದರೆ ತಮ್ಮನ ಲೆಕ್ಕವನ್ನು ತಳ್ಳಿಹಾಕಲೂ ಆಗಲಿಲ್ಲ. ಕಡೆಗೆ ಎರಡನ್ನೂ ನೋಡಿಬಂದು ತೀರ್ಮಾನಿಸುವುದೆಂದಾಯಿತು.

ಮೊದಲು ನೋಡಿದ್ದು ಹಿಂದಿನ ಬೀದಿಯ ಮಹಡಿ ಮನೆ. ಗಂಡಸರಿಬ್ಬರೂ ನೇರ ಟೆರೇಸಿಗೆ ಹೋಗಿ ನೀರಿನ ಟ್ಯಾಂಕನ್ನು ಬಡಿದು ನೋಡತೊಡಗಿದರು. ಅವಳು ಕೆಳಗಿನ ಮುಂದಿನ ರೂಮಿನಲ್ಲಿ ನಿಂತುಬಿಟ್ಟಳು. ಬೀದಿಗೆ ಒಂದು ಬಾಗಿಲು, ಮನೆಯೊಳಕ್ಕೆ ಒಂದು ಬಾಗಿಲು. ಉತ್ತರಕ್ಕೆ ಅಗಲವಾದ ಕಿಟಕಿ. ಕಣ್ಣು ಕುಕ್ಕದ, ನೆರಳೂ ಬೀಳದ, ಬಿಳಿ ಬಟ್ಟೆಯಲ್ಲಿ ಬಿಳಿ ದಾರದ ಹೊಲಿಗೆ ಕಾಣುವಂಥ ಬೆಳಕು. ಕೈ ತಾನಾಗಿ ಚೀಲದಿಂದ ಟೇಪು ತೆಗೆಯಿತು. ಕಿಟಕಿಯಿಂದ ಗೋಡೆಗೆ, ಗೋಡೆಯಿಂದ ಬಾಗಿಲಿಗೆ. ದೊಡ್ಡ ಮೇಜು ಹಿಡಿಸುತ್ತದೆ. ಸುತ್ತಲೂ ಓಡಾಡಲು ಜಾಗ ಉಳಿಯುತ್ತದೆ. ಮೆಷಿನ್ನು ಕಿಟಕಿಯ ಕೆಳಗೆ. ಹೊಲಿದದ್ದನ್ನು ನೇತುಹಾಕಿ ಉದ್ದ ನೋಡಲು ಆ ಕಡೆ ಗೋಡೆಗೊಂದು ಸರಳು. ಬಂದ ಗಿರಾಕಿ ಅಡುಗೆಮನೆ ದಾಟಿ ಬರಬೇಕಾಗಿಲ್ಲ, ಬೀದಿಯಿಂದಲೇ ಒಳಗೆ. ಹಾಸಿದ ಬಟ್ಟೆ ಹಾಸಿದಲ್ಲೇ ಇರುತ್ತದೆ. ಯಾರಿಗೂ ಎತ್ತಿಡಬೇಕಾಗಿಲ್ಲ.

ಇಷ್ಟು ವರ್ಷ ತನಗೆ ಏನು ಬೇಕಾಗಿತ್ತೋ ಅದಕ್ಕೆ ನಾಲ್ಕು ಗೋಡೆಗಳಿದ್ದವು, ಒಂದು ಕಿಟಕಿಯಿತ್ತು.

ಗಂಡ ಕೈಯ ಧೂಳು ಕೊಡವುತ್ತ ಕೆಳಗಿಳಿದು ಬಂದ. "ಈ ರೂಮು ಮೊದಲು ಹೋಗುತ್ತೆ ನೋಡ್ತಿರು. ಬೇರೆ ಬಾಗಿಲಿದೆಯಲ್ಲ, ಯಾರಾದ್ರೂ ಕೆಲಸದ ಹುಡುಗರು ಕಣ್ಣು ಮುಚ್ಚಿ ತಗೋತಾರೆ."

"ನನ್ನ ಟೇಬಲ್ಲು?" ಎಂದಳು.

"ಹಾಲ್‌ನಲ್ಲಿ ಹಾಕ್ಕೋ. ಈಗಿನ ಹಾಗೇ."

ಅವನ ದನಿಯಲ್ಲಿ ಒರಟುತನ ಸ್ವಲ್ಪವೂ ಇರಲಿಲ್ಲ. ಇದ್ದಿದ್ದರೆ ಜಗಳಕ್ಕೊಂದು ಹಿಡಿಯಾದರೂ ಸಿಗುತ್ತಿತ್ತು. ಅವಳು ಟೇಪನ್ನು ಸುತ್ತಿ ಚೀಲಕ್ಕೆ ಹಾಕಿದಳು.

ಮುಂದಿನ ವಾರ ಗಂಡಹೆಂಡತಿ ಇಬ್ಬರೇ ಬಸ್ಸು ಹತ್ತಿ ಆ ದೂರದ ಊರಿಗೆ ಹೋದರು. ದಾರಿಯುದ್ದಕ್ಕೂ ಅವನು ಡ್ರೈವರು ಗೇರು ಹಾಕುವ ಸದ್ದು ಕೇಳಿ, ಈ ಬಸ್ಸಿನ ಕ್ಲಚ್ಚಿಗೆ ಆಯುಷ್ಯ ಮುಗಿದಿದೆ ಎಂದು ಮರುಗುತ್ತಿದ್ದ. ಬ್ರೋಕರು ಹೇಳಿದ ಹೊತ್ತಿಗೆ ಬರಲಿಲ್ಲ. "ನೀವೇ ಹೋಗಿ ನೋಡ್ಕೊಂಡ್ಬನ್ನಿ, ಒಳಗೆ ಬಾಡಿಗೆಯವರಿದ್ದಾರೆ" ಎಂದು ಫೋನಿನಲ್ಲೇ ಕೈತೊಳೆದುಕೊಂಡ.

ಬಾಗಿಲು ತೆರೆದವಳು ಆಗಷ್ಟೇ ಆಸ್ಪತ್ರೆಯ ಪಾಳಿ ಮುಗಿಸಿ ಬಂದ ನರ್ಸು. ಕಣ್ಣು ನಿದ್ದೆಯಿಂದ ಭಾರವಾಗಿದ್ದರೂ ಒಳಗೆ ಕರೆದಳು. ಕರ್ಟನ್ ಅಕ್ಕನ ಕಣ್ಣು ಅಭ್ಯಾಸದಂತೆ ಕಿಟಕಿಯ ಮೇಲ್ಗಡೆಗೆ ಹೋಯಿತು. ಗೋಡೆಯ ತುಂಬ ತೂತುಗಳು. ಒಬ್ಬರು ಕೊರೆದ ತೂತಿನ ಪಕ್ಕ ಇನ್ನೊಬ್ಬರು, ಅದರ ಮೇಲೆ ಮತ್ತೊಬ್ಬರು. ಬಂದವರೆಲ್ಲ ಒಂದೊಂದು ಸರಳು ಬಡಿದು, ಹೋಗುವಾಗ ಕಿತ್ತುಕೊಂಡು ಹೋಗಿದ್ದರು. ಒಂದೊಂದು ತೂತಿನ ಕೆಳಗೂ ಒಬ್ಬಳು ಹೆಂಗಸು ಸ್ಟೂಲಿನ ಮೇಲೆ ತುದಿಗಾಲಲ್ಲಿ ನಿಂತಿರುವುದು ಅವಳಿಗೆ ಕಂಡಿತು. ಈ ನರ್ಸು ಸರಳಿನ ಗೋಜಿಗೂ ಹೋಗದೆ ಹಳೆಯ ಸೀರೆಯೊಂದನ್ನು ಮೊಳೆಗೆ ಸಿಕ್ಕಿಸಿದ್ದಳು.

"ನೀವೇನಾ ಹೊಸ ಓನರು?" ಎಂದಳು ನರ್ಸು. ಉತ್ತರಕ್ಕೆ ಕಾಯದೆ ಮುಂದುವರಿಸಿದಳು. "ಹಾಗಾದ್ರೆ ಬನ್ನಿ ಸಾರ್, ಇಲ್ಲಿ ನೋಡಿ. ಅಡುಗೆಮನೆ ನಲ್ಲಿ ಒಂದೇ ಸಮನೆ ಸೋರ್ತಿದೆ. ಬ್ರೋಕರ್‌ಗೆ ಫೋನ್ ಮಾಡಿ ಮಾಡಿ ಸಾಕಾಯ್ತು. ಬಕೆಟ್ ತುಂಬೋ ಸದ್ದಿಗೆ ಹಗಲು ಹೊತ್ತು ನಿದ್ದೇನೇ ಬರಲ್ಲ."

ಗಂಡನ ಬೆನ್ನು ನೆಟ್ಟಗಾಯಿತು. ನಾವಿನ್ನೂ ಕೊಂಡಿಲ್ಲ ಎನ್ನಲಿಲ್ಲ. "ಛೇ, ಬಾಡಿಗೆ ತಗೊಂಡು ಹೀಗೆ ಬಿಟ್ಟಿದಾರಾ?" ಎಂದು ಜೇಬಿಗೆ ಕೈ ಹಾಕಿ ಸ್ಪ್ಯಾನರು ತೆಗೆದ. ತೋಳು ಮಡಚಿ, ನೀರು ನಿಲ್ಲಿಸಿ, ನಲ್ಲಿಯ ತಲೆ ಬಿಚ್ಚಿ, ಸವೆದ ವಾಷರನ್ನು ಬೆಳಕಿಗೆ ಹಿಡಿದು ನೋಡಿ ಲೊಚಗುಟ್ಟಿದ. ಹೊಸತನ್ನು ಕೂರಿಸಿ ತಿರುಗಿಸಿದ. ಚಾ ಕುದಿಯುವಷ್ಟರಲ್ಲಿ ಕೆಲಸ ಮುಗಿದಿತ್ತು. ನಲ್ಲಿ ತುಟಿ ಪಿಟಕ್ಕೆನ್ನಲಿಲ್ಲ.

"ನಿಮ್ಮಂಥ ಓನರ್ ಸಿಗೋದು ನಮ್ಮ ಪುಣ್ಯ ಸಾರ್" ಎಂದಳು ನರ್ಸು.

ಕರ್ಟನ್ ಅಕ್ಕ ಬಾಗಿಲ ಚೌಕಟ್ಟಿಗೆ ಒರಗಿ ನಿಂತಿದ್ದಳು. ತನ್ನ ಬಚ್ಚಲಲ್ಲಿ ಕುತ್ತಿಗೆಗೆ ಬಟ್ಟೆ ಸುತ್ತಿಕೊಂಡು ಕುಳಿತ ನಲ್ಲಿ ಕಣ್ಣ ಮುಂದೆ ಬಂತು. ಹಾಗಾದರೆ ಇವನಿಗೆ ಬರುತ್ತದೆ. ಬಿಡುವೂ ಸಿಗುತ್ತದೆ. ಭಾನುವಾರವೇ ಆಗಬೇಕೆಂದೇನೂ ಇಲ್ಲ.

ಹೊರಡುವಾಗ ನರ್ಸು ಫೋನ್ ನಂಬರು ಕೇಳಿದಳು. "ಇವಳದ್ದು ಬರ್ಕೊಳ್ಳಿ, ನಾನು ಡ್ಯೂಟೀಲಿ ಎತ್ತೋಕಾಗಲ್ಲ" ಎಂದು ಅವನು ಹೆಂಡತಿಯ ನಂಬರನ್ನು ಕೊಟ್ಟೇಬಿಟ್ಟ.

ಅವರು ಆ ಫ್ಲಾಟನ್ನು ಕೊಂಡಿರಲಿಲ್ಲ, ಕೊಳ್ಳುತ್ತೇವೆಂದು ಯಾರಿಗೂ ಮಾತು ಕೊಟ್ಟಿರಲಿಲ್ಲ. ಆದರೆ ಅಲ್ಲಿಂದ ಫೋನುಗಳು ಶುರುವಾದವು. ಮೊದಲು ನರ್ಸಿನದು: ಬಚ್ಚಲ ದೀಪ ಹೋಗಿದೆ ಅಕ್ಕ. ಆಮೇಲೆ ಪಕ್ಕದ ಫ್ಲಾಟಿನವಳದು: ನಮ್ಮನೆಗೂ ಸಾರ್ ಒಂದ್ಸಲ ಬಂದು ಹೋಗ್ಲಿ ಅಕ್ಕ. ಬಟ್ಟೆ ಕತ್ತರಿಸುವಾಗೊಮ್ಮೆ, ಸ್ಟೂಲಿನ ತುದಿಯಲ್ಲಿ ಬಾಯಲ್ಲಿ ಕೊಕ್ಕೆ ಕಚ್ಚಿಕೊಂಡು ನಿಂತಾಗೊಮ್ಮೆ. "ನಾವು ಓನರ್ ಅಲ್ಲಮ್ಮ" ಎಂದು ಅವಳು ಹೇಳದೆ ಇರಲಿಲ್ಲ. "ಅಯ್ಯೋ ಇರ್ಲಿ ಅಕ್ಕ, ನೀವಾದ್ರೆ ಫೋನ್ ಎತ್ತುತ್ತೀರಲ್ಲ" ಎಂದು ಆ ಕಡೆಯಿಂದ ಬರುತ್ತಿತ್ತು. ಆ ಹೆಂಗಸರ ಬಗ್ಗೆ ಅವಳಿಗೆ ಸಿಟ್ಟೂ ಬರುತ್ತಿರಲಿಲ್ಲ.

"ನೀವು ಕೈಯಾರೆ ನಲ್ಲಿ ರಿಪೇರಿ ಮಾಡಿದ್ರಿ, ನಾನು ಬಿಟ್ಟಿ ಓನರಮ್ಮ ಆದೆ" ಎಂದಳು ಗಂಡನಿಗೆ.

ಅವನು ಹೊಟ್ಟೆ ಹಿಡಿದುಕೊಂಡು ನಕ್ಕ. ಅವಳೂ ನಕ್ಕಳು. ನಗುವಂಥದ್ದೇ ಆಗಿತ್ತು. ಆದರೆ ನಗು ಮುಗಿದ ಮೇಲೂ ಫೋನು ಅವಳದೇ ಮಗ್ಗುಲಲ್ಲಿತ್ತು. ಫ್ಲಾಟಾದರೆ ದೂರದಿಂದ ಕರೆಯುತ್ತಾರೆ, ಮಹಡಿ ಮನೆಯಾದರೆ ಮೇಲಿನಿಂದ ಕರೆಯುತ್ತಾರೆ. ಕರೆಗೆ ಓಗೊಡುವವಳು ಮಾತ್ರ ಎರಡೂ ಕಡೆ ಒಬ್ಬಳೇ. ಮೇಜಿನ ವಿಚಾರಕ್ಕೆ ಬಂದರೆ ಎರಡರಲ್ಲೂ ಅದೇ ಕಥೆ: ಈಗಿನ ಹಾಗೇ.

ತೀರ್ಮಾನದ ಹೊತ್ತು ಬಂತು. ಮಹಡಿ ಮನೆಯವರು ಇನ್ನು ಕಾಯುವುದಿಲ್ಲ ಎಂದರು, ಮೈದುನ ಓಡಿಬಂದ. ಅವಳ ಮೇಜಿನ ಮೇಲೆ ಅಂದು ಕಣ್ಣಿನ ಕ್ಲಿನಿಕ್ಕಿಗೆ ಹೊಲಿಯಬೇಕಾದ ಅಚ್ಚ ಬಿಳಿಯ ಬಟ್ಟೆಯಿತ್ತು. ಗೆರೆ ಎಳೆದಾಗಿತ್ತು, ಕತ್ತರಿ ಅರ್ಧ ದಾರಿ ಸಾಗಿತ್ತು. ಒಂದೇ ಒಂದು ಸೀಳು ಉಳಿದಿದೆ, ಈಗ ಎತ್ತುವುದಿಲ್ಲ ಎಂದು ಅವಳು ಚಾ ಲೋಟಗಳನ್ನು ಮೇಜಿನ ಅಂಚಿನಲ್ಲಿಟ್ಟು ಒಳಗೆ ಹೋದಳು. ಹಾಲ್‌ನಲ್ಲಿ ಅಣ್ಣತಮ್ಮಂದಿರ ದನಿ ಏರಿತು. ಫ್ಲಾಟಿನ ಎತ್ತರ ತೋರಿಸಲು ಮೈದುನ ಕೈ ಬೀಸಿದ. ಲೋಟ ಉರುಳಿತು.

ಅವಳು ಓಡಿಬರುವಷ್ಟರಲ್ಲಿ ಚಾ ಬಿಳಿ ಬಟ್ಟೆಯ ಮಡಿಕೆ ಮಡಿಕೆಗೂ ಇಳಿದಿತ್ತು. ಮೈದುನನಿಗೆ ನಿಜಕ್ಕೂ ಬೇಜಾರಾಗಿತ್ತು, ಅದೇ ಬೇಜಾರಿನಲ್ಲಿ ಕೇಳಿದ, "ಟೇಬಲ್ ಮೇಲೆ ಬಟ್ಟೆ ಯಾಕಿಟ್ಟಿದ್ರಿ ಅತ್ತಿಗೆ?"

ಅವಳು ಅವನ ಮುಖ ನೋಡಿದಳು. ಆಮೇಲೆ ಗಂಡನ ಮುಖ ನೋಡಿದಳು. ಅವನ ಮುಖದಲ್ಲೂ ಅದೇ ಪ್ರಶ್ನೆಯಿತ್ತು, ಕೇಳುವಷ್ಟು ಧೈರ್ಯ ಇರಲಿಲ್ಲ ಅಷ್ಟೆ. ಬಟ್ಟೆಯನ್ನು ಬಾಚಿಕೊಂಡು ಬಚ್ಚಲಿಗೆ ಹೋದಳು. ನಲ್ಲಿಗೆ ಸುತ್ತಿದ್ದ ಚೂರು ಬಿಚ್ಚಿ, ಸೋರುವ ನೀರಿನಲ್ಲೇ ಉಜ್ಜಿದಳು. ಚಾದ ಕಲೆ ಮಸುಕಾಯಿತೇ ಹೊರತು ಹೋಗಲಿಲ್ಲ. ಕ್ಲಿನಿಕ್ಕಿಗೆ ತನ್ನ ಕೈಯಿಂದಲೇ ಬೇರೆ ಬಟ್ಟೆ ತರಬೇಕು. ಉಜ್ಜುತ್ತ ಉಜ್ಜುತ್ತ ಅವಳ ಕಣ್ಣು ನಲ್ಲಿಯ ಮೇಲೆ ನಿಂತಿತು. ನರ್ಸಿನ ನಲ್ಲಿ ಚಾ ಕುದಿಯುವುದರೊಳಗೆ ಸರಿಹೋಯಿತು. ಅವಳು ಇವನಿಗೆ ಏನಾಗಬೇಕು? ಏನೂ ಆಗಬೇಕಾಗಿಲ್ಲ. ಬಾಡಿಗೆ ಕೊಡುವವಳು, ಅಷ್ಟೆ.

ಮರುದಿನ ಬೆಳಿಗ್ಗೆ ತಿಂಡಿಯ ತಟ್ಟೆಗಳೆದುರು ಅವಳು ಬಾಯಿಬಿಟ್ಟಳು.

"ರೀ, ಮಹಡಿ ಮನೇನೇ ತಗೊಳ್ಳೋಣ."

ಗಂಡನ ಮುಖ ಅರಳಿತು. "ನಾನು ಹೇಳ್ಲಿಲ್ವಾ!"

"ಮುಂದಿನ ರೂಮಿಗೆ ಬಾಡಿಗೆಯೋರೂ ಸಿಕ್ಕಿದಾರೆ."

"ಆಗಲೇ? ಯಾರು?"

"ನಾನು."

ಅವನು ಅರ್ಧ ನಕ್ಕು ನಿಲ್ಲಿಸಿದ. ಹೆಂಡತಿ ನಗುತ್ತಿರಲಿಲ್ಲ. ಮಗಳ ಕೈ ತಟ್ಟೆಯಲ್ಲೇ ನಿಂತಿತು. ಮಂಚದ ಮೇಲಿಂದ ಅತ್ತೆ ಒಂದು ಕಾಲು ಕೆಳಗಿಳಿಸಿದಳು, ಇನ್ನೊಂದನ್ನು ಇಳಿಸಲು ಮರೆತಳು.

"ಬೇರೆಯೋರು ಎಷ್ಟು ಕೊಡ್ತಾರೋ ಅಷ್ಟೇ ಕೊಡ್ತೀನಿ. ಅಡ್ವಾನ್ಸೂ ಕೊಡ್ತೀನಿ. ತಿಂಗಳು ತಿಂಗಳು ಕರ್ಟನ್ ದುಡ್ಡಲ್ಲಿ, ತಪ್ಪದೆ. ನಿಮ್ಮ ಲೆಕ್ಕ ನಿಮ್ಮದೇ, ಒಂದು ಬೋಲ್ಟೂ ಅಲ್ಲಾಡಿಸಿಲ್ಲ."

"ಹುಚ್ಚಾ ನಿನಗೆ? ಹೆಂಡತಿ ಹತ್ರ ಬಾಡಿಗೆ ಇಸ್ಕೊಂಡ ಅಂತ ಜನ ಮುಖಕ್ಕೆ ಉಗೀತಾರೆ. ಬೇಕಿದ್ರೆ ರೂಮನ್ನ ಸುಮ್ನೇ ಇಟ್ಕೋ. ಹೇಗೋ ಸರಿದೂಗಿಸೋಣ."

"ಸುಮ್ನೇ ಬೇಡ. ಸುಮ್ನೇ ಕೊಟ್ರೆ ಅದು ಹಾಲ್ ಆಗುತ್ತೆ. ನೆಂಟರು ಬಂದ್ರೆ ಮಲಗೋ ರೂಮಾಗುತ್ತೆ, ನಿಮ್ಮ ತಮ್ಮ ಬಂದ್ರೆ ಚಾ ಕುಡಿಯೋ ರೂಮಾಗುತ್ತೆ. ಸುಮ್ನೇ ಕೊಟ್ರೆ ನೀವು ಬಾಗಿಲು ತಟ್ಟಿ ಬರಲ್ಲ."

"ನನ್ನ ಹೆಂಡತಿ ರೂಮಿಗೆ ನಾನು ಬಾಗಿಲು ತಟ್ಟಬೇಕಾ?"

"ಹೆಂಡತಿ ರೂಮಿಗೆ ಬೇಡ. ಬಾಡಿಗೆಯೋಳ ರೂಮಿಗೆ ತಟ್ಟಬೇಕು. ಆವತ್ತು ಆ ನರ್ಸಮ್ಮನ ಮನೇಲಿ ತಟ್ಟಿದ್ರಲ್ಲ, ಹಾಗೇ. ಅವಳ ನಲ್ಲಿ ಸರಿಮಾಡಿದ್ರಿ. ನನ್ನ ನಲ್ಲಿ ಯಾವ ಕಾಲದಿಂದ ಸೋರ್ತಿದೆ? ನಾನೂ ಬಾಡಿಗೆ ಕೊಟ್ರೆ ನನ್ನದೂ ಸರಿಹೋಗುತ್ತೆ ಅಂತ ಲೆಕ್ಕ ಹಾಕಿದೆ."

ಗಂಡ ಕೈಯಲ್ಲಿದ್ದ ತುತ್ತನ್ನು ತಟ್ಟೆಗೆ ಇಳಿಸಿದ. ಮುಖ ಕೆಂಪಾಯಿತು. ಬಚ್ಚಲಿನ ಕಡೆಯಿಂದ ತೊಟಕ್, ತೊಟಕ್ ಎಂದು ಕೇಳುತ್ತಲೇ ಇತ್ತು. ಅಲ್ಲಿದ್ದವರೆಲ್ಲ ಅದನ್ನು ಆಗಲೇ ಮೊದಲ ಸಲ ಕೇಳಿಸಿಕೊಂಡವರಂತೆ ಕುಳಿತಿದ್ದರು.

"ಅಷ್ಟು ಬೇಜಾರಿದ್ರೆ ಹೇಳಬೇಕಿತ್ತು" ಎಂದ ಕಡೆಗೆ.

"ಹೇಳಿದ್ದೆ. ಭಾನುವಾರ ಅಂದ್ರಿ."

ಮಗಳು ಕಿಸಕ್ಕೆಂದಳು. ಅಜ್ಜಿ ಅವಳ ತಲೆಗೊಂದು ಮೊಟಕಿದಳು, ಆದರೆ ಮಾತಾಡಿದ್ದು ಮಗನೊಂದಿಗೆ. "ಒಪ್ಕೋ ಕಣೋ. ಇಂಥ ಬಾಡಿಗೆಯೋಳು ನಿನಗೆ ಎಲ್ಲಿ ಸಿಗ್ತಾಳೆ? ಕುಡಿಯಲ್ಲ, ಗಲಾಟೆ ಮಾಡಲ್ಲ, ಓಡಿಹೋಗಲ್ಲ. ಆದ್ರೆ ಒಂದು ಮಾತು. ಬಾಡಿಗೆದಾರಳನ್ನ ನಡುಮಧ್ಯಾಹ್ನ ಕೂಗಿ ಚಾ ಮಾಡ್ಕೊಡು ಅನ್ನೋ ಹಾಗಿಲ್ಲ."

"ಮತ್ತೆ ಚಾ?" ಎಂದ ಅವನು.

"ಓನರ್ರು ಮಾಡ್ಕೋತಾರೆ" ಎಂದಳು ಅತ್ತೆ.

"ಇನ್ನೊಂದಿದೆ" ಎಂದಳು ಸೊಸೆ. "ಗೇಟಿನ ಬೋರ್ಡ್ ಮೇಲೆ ನಿಮ್ಮ ನಂಬರ್ ಹಾಕಬೇಕು. ನನ್ನದಲ್ಲ. ಮೇಲಿನೋರಿಗೆ ನೀರು ಬರ್ಲಿಲ್ಲ ಅಂದ್ರೆ ಅವರು ನಿಮಗೆ ಫೋನ್ ಮಾಡ್ಲಿ."

"ನಾನು ಡ್ಯೂಟೀಲಿರ್ತೀನಿ."

"ನಾನೂ ಡ್ಯೂಟೀಲೇ ಇರ್ತೀನಿ. ಬೀದಿಗೆ ಬಾಗಿಲಿರೋ ರೂಮಲ್ಲಿ."

ಅವನು ಎದ್ದು ಕೈತೊಳೆದ. ಚಪ್ಪಲಿ ಮೆಟ್ಟಿ ಡಿಪೋಗೆ ಹೋದ. ಅಂದು ಇಡೀ ದಿನ ಅವಳ ಕೈ ಮೆಷಿನ್ನಿನ ಮೇಲಿದ್ದರೂ ಕಿವಿ ಬಾಗಿಲ ಕಡೆಗಿತ್ತು. ಅತಿಯಾಯಿತೇ? ಹಾಸಿಗೆಯ ಮೇಲೆ ಕುಳಿತು ಕಾಲುಗಳನ್ನು ನೋಡುತ್ತಿದ್ದ ಹುಡುಗನಿಂದ ಅವನ ಮನೆಯನ್ನು ಕಿತ್ತುಕೊಂಡ ಹಾಗಾಯಿತೇ? ಇವನು ಕೋಪದಲ್ಲಿ ತಮ್ಮನ ಫ್ಲಾಟಿಗೇ ಹೂಂ ಅಂದುಬಿಟ್ಟರೆ, ಆ ಉತ್ತರದ ಬೆಳಕು ಯಾರೋ ಕೆಲಸದ ಹುಡುಗರ ಒಗೆಯದ ಬಟ್ಟೆಗಳ ಮೇಲೆ ಬಿದ್ದಿರುತ್ತದೆ.

ಸಂಜೆ ಬಂದವನು ಚಪ್ಪಲಿ ಬಿಟ್ಟು ನೇರ ಬಚ್ಚಲಿಗೆ ಹೋದ. ಸ್ಪ್ಯಾನರು ನಲ್ಲಿಗೆ ತಾಗಿದ ಸದ್ದು ಕೇಳಿತು. ಹೊರಗೆ ಬಂದು ಒದ್ದೆ ಕೈಯನ್ನು ಪ್ಯಾಂಟಿಗೆ ಒರೆಸಿಕೊಳ್ಳುತ್ತ, ಅವಳ ಕಡೆ ನೋಡದೆ, "ನಮ್ಮಪ್ಪ ಆ ವಠಾರದಲ್ಲಿ ಎಲ್ಲರ ಮನೆ ನಲ್ಲೀನೂ ಸರಿಮಾಡೋರು" ಎಂದ. "ನಮ್ಮ ಕೋಣೇದು ಮಾತ್ರ ಅಮ್ಮ ಬಟ್ಟೆ ಸುತ್ತಿಡೋಳು. ಇವತ್ತು ಸ್ಟೋರಲ್ಲಿ ಕೂತಿದ್ದಾಗ ನೆನಪಾಯ್ತು."

ಅತ್ತೆ ಬೆಳ್ಳುಳ್ಳಿಯ ಮೇಲೆ ಕಣ್ಣಿಟ್ಟೇ ಇದ್ದಳು. ಕೈ ಮಾತ್ರ ನಿಂತಿತ್ತು.

"ಅಡ್ವಾನ್ಸ್ ಬೇಡ" ಎಂದ ಅವನು.

"ಬೇಕು" ಎಂದಳು ಅವಳು.

ಹಾಗೆ ಮಹಡಿ ಮನೆ ಬಂತು. ಮೈದುನ ಮೂಗು ಮುರಿದು, ಆ ಫ್ಲಾಟುಗಳನ್ನು ಬೇರೆ ಯಾರಿಗೋ ಕೊಡಿಸಿದ. ನರ್ಸು ಈಗಲೂ ಆಗಾಗ ಫೋನು ಮಾಡುತ್ತಾಳೆ, ದೂರು ಹೇಳಲು ಅಲ್ಲ. ಅವಳ ಕಿಟಕಿಗೊಂದು ದಪ್ಪ ಬಟ್ಟೆಯ ಪರದೆ, ಹಗಲು ನಿದ್ದೆಗೆ ಕತ್ತಲಾಗುವಂಥದ್ದು, ಇಲ್ಲಿಂದಲೇ ಬಸ್ಸಿನಲ್ಲಿ ಹೋಗಿದೆ. ಹೊಸ ಸರಳು ಬಡಿಯದೆ, ಹಳೆಯ ತೂತುಗಳಲ್ಲೇ ಕೊಕ್ಕೆ ಕೂರುವ ಹಾಗೆ.

ಎಲ್ಲವೂ ನೆಟ್ಟಗಾಯಿತೆಂದಲ್ಲ. ಅಡುಗೆಯ ಹೆಚ್ಚು ಪಾಲು ಈಗಲೂ ಅವಳದೇ. ಗಂಡ ಮಾಡುವ ಚಾ ಕುಡಿದು ಅತ್ತೆ ಬಾಯಿ ಸೊಟ್ಟಗೆ ಮಾಡುತ್ತಾಳೆ, ಆದರೆ ಲೋಟ ಖಾಲಿ ಮಾಡುತ್ತಾಳೆ. ಮೆಟ್ಟಿಲು ಗುಡಿಸುವ ಸರದಿಯನ್ನು ಅವನು ಎರಡು ಸಲ ಮರೆತ; ಮೂರನೆಯ ಸಲ ಮೇಲಿನವರೇ ಫೋನು ಮಾಡಿ ನೆನಪಿಸಿದರು, ಅವನಿಗೇ. ಡಿಪೋದಲ್ಲಿ ಸಹೋದ್ಯೋಗಿಗಳು "ಓನರ್ ಸಾಹೇಬ್ರೇ" ಎಂದು ಛೇಡಿಸುತ್ತಾರಂತೆ. ಹೆಂಡತಿ ಬಾಡಿಗೆ ಕೊಡುವುದನ್ನು ಅವನೇ ಅಲ್ಲಿ ಹೇಳಿಕೊಂಡಿದ್ದ. ಯಾಕೆ ಹೇಳಿದಿರಿ ಎಂದರೆ, "ಹೇಳಬಾರದಿತ್ತಾ? ಒಂದು ತಿಂಗಳೂ ತಪ್ಪಿಸಿಲ್ಲವಲ್ಲ" ಎಂದ. ಅವನ ದನಿಯಲ್ಲಿ ಹೆಮ್ಮೆಯಿತ್ತೋ ಏನೋ, ಅವಳು ಕೆದಕಲಿಲ್ಲ.

ಒಂದು ಸಂಜೆ ಹೋಟೆಲೊಂದರ ಉದ್ದನೆಯ ಪರದೆಗೆ ಬಟ್ಟೆ ಹಾಸಿ, ಗೆರೆ ಎಳೆದು, ಅರ್ಧ ಸೀಳಿದಾಗ ಅವಳ ಬೆನ್ನು ಸಾಕೆಂದಿತು. ಕತ್ತರಿಯನ್ನು ಇದ್ದಲ್ಲೇ, ಬಟ್ಟೆಯ ಬಾಯಲ್ಲೇ ಬಿಟ್ಟಳು. ಅಭ್ಯಾಸದಂತೆ ಎತ್ತಿಡಲು ಚಾಚಿದ ಕೈಯನ್ನು ಹಿಂದೆಗೆದುಕೊಂಡು, ಬೀದಿ ಬಾಗಿಲಿಗೆ ಬೀಗ ಹಾಕಿ ಒಳಗೆ ಹೋದಳು.

ಬೆಳಿಗ್ಗೆ ತಿಂಡಿಗೂ ಮುಂಚೆ ಬಂದು ಬಾಗಿಲು ತೆರೆದಳು. ಉತ್ತರದ ಕಿಟಕಿಯಿಂದ ಬೆಳಕು ಬಂದು ಮೇಜನ್ನು ತುಂಬಿತ್ತು. ಬಟ್ಟೆ ಹಾಸಿದಂತೆಯೇ ಇತ್ತು. ಸೀಮೆಸುಣ್ಣದ ಗೆರೆ ಎಳೆದಲ್ಲೇ ಇತ್ತು. ಕತ್ತರಿ ನಿನ್ನೆ ಎಲ್ಲಿ ನಿಂತಿತ್ತೋ ಅಲ್ಲೇ ಬಾಯಿ ತೆರೆದುಕೊಂಡು ಕಾಯುತ್ತಿತ್ತು.

ಮನೆಯ ಕಡೆಯ ಬಾಗಿಲು ಮೆಲ್ಲಗೆ ಟಕಟಕ ಎಂದಿತು. "ಬರಬಹುದಾ? ಮೇಲಿನೋರದ್ದು ಮೋಟರ್ ಸ್ವಿಚ್ಚು ಒಳಗಿದೆ..." ಗಂಡನ ದನಿ.

"ಇದೊಂದು ಸೀಳು ಮುಗೀಲಿ" ಎಂದು ಅವಳು ಕತ್ತರಿಯನ್ನು ಕೈಗೆತ್ತಿಕೊಂಡಳು.